ಬಲಗಡೆಯ ಲೇನು ಯಾರದು?



ಭಾನುವಾರ ಸಂಜೆ ಪುಣೆಯಿಂದ ಮುಂಬೈಗೆ ವಾಪಸಾಗುವವರಿಗೆ ಈ ದೃಶ್ಯ ಹೊಸದೇನಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ನಮ್ಮ ದಿಕ್ಕಿಗೆ ಮೂರು ಲೇನುಗಳಿವೆ. ಎಡಗಡೆಯದು ಬಹುಪಾಲು ಖಾಲಿ. ಮಧ್ಯದಲ್ಲೊಂದು ಟ್ಯಾಂಕರ್. ಬಲಗಡೆ, ಡಿವೈಡರಿಗೆ ಅಂಟಿಕೊಂಡ ಹಾಗೆ, ಕಬ್ಬಿಣ ಹೇರಿದ ಲಾರಿಯೊಂದು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ತನ್ನ ಪಾಡಿಗೆ ತಾನು ಹೊರಟಿದೆ. ಅದರ ಬೆನ್ನಿಗೆ ಹತ್ತು ಹನ್ನೆರಡು ಕಾರುಗಳು. ಮೊದಲನೆಯವನು ಹಾರನ್ ಹೊಡೆಯುತ್ತಾನೆ, ಲೈಟು ಮಿನುಗಿಸುತ್ತಾನೆ. ಲಾರಿ ಜಗ್ಗುವುದಿಲ್ಲ. ಕೊನೆಗೆ ಆತ ಸ್ಟಿಯರಿಂಗ್ ಎಳೆದು, ಟ್ಯಾಂಕರಿನ ಮೂತಿಯ ಮುಂದಿನಿಂದ ತೂರಿಕೊಂಡು, ಲಾರಿಯ ಎಡಗಡೆಯಿಂದ ಹಾರಿ ಹೋಗುತ್ತಾನೆ. ಅವನ ಹಿಂದೆ ಎರಡನೆಯವನು. ಅವನ ಹಿಂದೆ... ನಾವೂ!

ಆಮೇಲೆ ಲೋನಾವಳದ ಚಿಕ್ಕಿ ಅಗಿಯುತ್ತಾ ಎಲ್ಲರೂ ಹೇಳುವ ಮಾತು ಒಂದೇ: "ನಮ್ಮ ಜನಕ್ಕೆ ಶಿಸ್ತು ಅನ್ನೋದೇ ಇಲ್ಲ ಬಿಡಿ."

ಅಷ್ಟು ಸುಲಭವಾಗಿ ಬಿಟ್ಟುಬಿಡುವುದು ಬೇಡ ಅಂತ ನನ್ನ ವಾದ. ಆ ಲಾರಿ ಬಲಗಡೆಯ ಲೇನಿಗೆ ಹೇಗೆ ಬಂತು, ನಾವು ಎಡಗಡೆಯಿಂದ ನುಗ್ಗುವುದನ್ನು ಎಲ್ಲಿ ಕಲಿತೆವು ಎಂಬುದಕ್ಕೆ ಒಂದು ಚರಿತ್ರೆ ಇದೆ. ಮುಂಬೈಯಿಂದ ನಮ್ಮ ಊರುಗಳಿಗೆ ಹೋಗುವ ಇದೇ ದಾರಿಯ ಚರಿತ್ರೆ ಅದು. ಈ ಸಲ ಅದನ್ನೇ ಸ್ವಲ್ಪ ಕೆದಕೋಣ.

ತಾರು ಯಾರಿಗೆ, ಮಣ್ಣು ಯಾರಿಗೆ?

ಬೋರ್ ಘಾಟಿಯ ಮೂಲಕ ಗಾಡಿ ಹೋಗುವಂಥ ರಸ್ತೆ ತೆರೆದದ್ದು 1830ರ ನವೆಂಬರ್ 10ರಂದು. ಆಗ ಮುಂಬೈ ಗವರ್ನರ್ ಆಗಿದ್ದವರು ಸರ್ ಜಾನ್ ಮಾಲ್ಕಮ್. ಅದಕ್ಕೂ ಮೊದಲು ಸಾಮಾನು ಸರಂಜಾಮು ಎತ್ತು, ಕುದುರೆಗಳ ಬೆನ್ನ ಮೇಲೆ ಘಟ್ಟ ಹತ್ತಬೇಕಿತ್ತು. ಆ ಕಾಲದ ಒಂದು ಕಮಾನು ಸೇತುವೆ ನಿಮಗೆಲ್ಲ ಗೊತ್ತು. ಅಮೃತಾಂಜನ್ ಜಾಹೀರಾತಿನಿಂದಾಗಿ 'ಅಮೃತಾಂಜನ್ ಸೇತುವೆ' ಎಂದೇ ಹೆಸರಾಗಿತ್ತು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನಿನಿಂದ ರಸ್ತೆ ಖಾಲಿ ಇದ್ದಾಗ, ಅದನ್ನು ಸ್ಫೋಟಿಸಿ ಕೆಡವಿದರು. ಎತ್ತಿನ ಗಾಡಿಗಳ ಕಾಲದ ಕಂಬಗಳು ಎಕ್ಸ್‌ಪ್ರೆಸ್‌ವೇಯ ವಾಹನಗಳಿಗೆ ಅಡ್ಡವಾಗಿದ್ದವು. ಹಳೆಯ ರಸ್ತೆಯನ್ನು ಹೀಗೆ ಒಂದು ದಿನದಲ್ಲಿ ಕೆಡವಬಹುದು. ಹಳೆಯ ರಸ್ತೆಯ ಅಭ್ಯಾಸವನ್ನು ಕೆಡವುವುದು ಅಷ್ಟು ಸುಲಭವಲ್ಲ.

ಮೋಟಾರು ಬಂದ ಮೇಲೆ 1914ರಲ್ಲಿ ದೇಶಕ್ಕೆಲ್ಲ ಒಂದು ಮೋಟಾರು ವಾಹನ ಕಾಯ್ದೆ ಬಂತು. 1939ರಲ್ಲಿ ಇನ್ನೊಂದು ಬಂತು, 1988ರಲ್ಲಿ ಈಗಿನದು. ಎಡಕ್ಕೆ ಹೋಗು, ಬಲದಿಂದ ದಾಟು ಎಂಬುದು ಬ್ರಿಟಿಷರಿಂದ ಬಂದ ಪಾಠ. ಆದರೆ ರಸ್ತೆಯೇ ಒಂದು ಗಾಡಿಯ ಅಗಲಕ್ಕಿದ್ದರೆ ಎಡ ಯಾವುದು, ಬಲ ಯಾವುದು?

ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹೆದ್ದಾರಿ ಎನಿಸಿಕೊಂಡ ಎಷ್ಟೋ ರಸ್ತೆಗಳಿಗೂ ಇದ್ದದ್ದು ಒಂದೇ ಲೇನು. ಇಂಜಿನಿಯರುಗಳ ಲೆಕ್ಕದಲ್ಲಿ 3.75 ಮೀಟರ್ ಅಗಲದ ತಾರು, ಎರಡೂ ಪಕ್ಕ ಮಣ್ಣು. ಎದುರಿನಿಂದ ಬಸ್ಸು ಬಂದರೆ ಇಬ್ಬರೂ ಎಡಗಡೆಯ ಚಕ್ರಗಳನ್ನು ಮಣ್ಣಿಗಿಳಿಸಬೇಕು. ಇಬ್ಬರೂ ಇಳಿಸಿದರೆ ಮರ್ಯಾದೆ. ಒಬ್ಬ ಇಳಿಸದಿದ್ದರೆ? ಸಾಮಾನ್ಯವಾಗಿ ಇಳಿಯುತ್ತಿದ್ದವನು ಚಿಕ್ಕವನು. ಲಾರಿಗೆ ಕಾರು ದಾರಿ ಬಿಡಬೇಕು, ಕಾರಿಗೆ ಸೈಕಲ್ಲು ಬಿಡಬೇಕು, ಸೈಕಲ್ಲಿಗೆ ನಡೆಯುವವನು ಬಿಡಬೇಕು. ಎತ್ತಿನ ಗಾಡಿ ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ, ಯಾಕೆಂದರೆ ಗಾಡಿಯವನು ಒಳಗೆ ನಿದ್ದೆ ಹೊಡೆಯುತ್ತಿದ್ದ! ನಮ್ಮ ತಾತಂದಿರು ಕಲಿತ ಮೊದಲ ರಸ್ತೆ ನಿಯಮ ಇದು: ತಾರು ದೊಡ್ಡವನಿಗೆ, ಮಣ್ಣು ಚಿಕ್ಕವನಿಗೆ. ಈಗಲೂ ಹಿಂದಿನಿಂದ ದೊಡ್ಡ ಎಸ್‌ಯುವಿ ಲೈಟು ಹಾಕಿಕೊಂಡು ಬಂದರೆ ನಮ್ಮ ಪುಟ್ಟ ಕಾರು ತಾನಾಗಿ ಪಕ್ಕಕ್ಕೆ ಸರಿಯುತ್ತದಲ್ಲ, ಅದರ ಬೇರು ಅಲ್ಲಿದೆ.

ಹಾರನ್, ಕೈ, ದೀಪ

ಆಮೇಲೆ ರಸ್ತೆಗಳು ಎರಡು ಲೇನಿಗೆ ಅಗಲವಾದವು. 7 ಮೀಟರ್ ತಾರು. ಹೋಗುವವರಿಗೆ ಒಂದು ಲೇನು, ಬರುವವರಿಗೆ ಒಂದು. ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿ, ಧಾರವಾಡ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಬೆಂಗಳೂರಿಗೆ ಹೋಗುವ ನಮ್ಮ ರಾಷ್ಟ್ರೀಯ ಹೆದ್ದಾರಿ 4 ಬಹಳ ಕಾಲ ಹೀಗೇ ಇತ್ತು. ಈಗ ಅದರ ಸಂಖ್ಯೆ 48. ಆದರೂ ನಮ್ಮವರ ಬಾಯಲ್ಲಿ ಇನ್ನೂ ಎನ್.ಎಚ್. ಫೋರೇ.

ಎರಡು ಲೇನಿನ ರಸ್ತೆಯಲ್ಲಿ ಓವರ್‌ಟೇಕ್ ಎಂದರೆ ಎದುರಿನಿಂದ ಬರುವವನ ಮನೆಯೊಳಗೆ ಕಾಲಿಟ್ಟ ಹಾಗೆ. ಲೆಕ್ಕ ನೋಡಿ. ಬಸ್ಸು ಗಂಟೆಗೆ 60ರಲ್ಲಿದೆ, ನೀವು 80ರಲ್ಲಿ ದಾಟಬೇಕು. ಬಸ್ಸಿನ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಸೇರಿ 50 ಮೀಟರ್ ಹೆಚ್ಚು ಕ್ರಮಿಸಬೇಕು ಅನ್ನಿ. ಇದಕ್ಕೆ 9 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ನಿಮ್ಮ ಕಾರು 200 ಮೀಟರ್ ಓಡಿರುತ್ತದೆ. ಎದುರಿನವನೂ 80ರಲ್ಲಿದ್ದರೆ ಅವನೂ 200 ಮೀಟರ್ ಬಂದಿರುತ್ತಾನೆ. ಅಂದರೆ ಕಣ್ಣೆದುರು ಕನಿಷ್ಠ 400 ಮೀಟರ್ ರಸ್ತೆ ಖಾಲಿ ಇರಬೇಕು. ಮುಂದಿರುವುದು ಹುಲ್ಲು ಹೇರಿದ ಲಾರಿಯಾದರೆ 40 ಮೀಟರೂ ಕಾಣುವುದಿಲ್ಲ.

ಹಾಗಾದರೆ ಕಾಣುವುದು ಯಾರಿಗೆ? ಮುಂದಿನ ಲಾರಿಯ ಡ್ರೈವರಿಗೆ. ಆದ್ದರಿಂದ ಆತನನ್ನು ಕೇಳಿಕೊಂಡೇ ದಾಟಬೇಕು. ಈ ಕೇಳಿಕೊಳ್ಳುವುದರಿಂದಲೇ ನಮ್ಮ ಹೆದ್ದಾರಿಯ ಒಂದು ಭಾಷೆ ಹುಟ್ಟಿತು. ಹಾರನ್ ಎಂದರೆ ಬೈಗುಳವಲ್ಲ, "ಅಣ್ಣಾ, ಹಿಂದಿದ್ದೀನಿ" ಎಂಬ ವಿಜ್ಞಾಪನೆ. ಲಾರಿಗಳ ಬೆನ್ನ ಮೇಲೆ 'ಹಾರನ್ ಓಕೆ ಪ್ಲೀಸ್', ದಕ್ಷಿಣದ ಲಾರಿಗಳ ಮೇಲೆ 'ಸೌಂಡ್ ಹಾರನ್' ಎಂದು ಬರೆಯುತ್ತಿದ್ದದ್ದು ಇದಕ್ಕೇ. ಆ ನಡುವಿನ 'ಓಕೆ' ಎಲ್ಲಿಂದ ಬಂತು ಎಂಬುದಕ್ಕೆ ಯುದ್ಧಕಾಲದ ಸೀಮೆಎಣ್ಣೆಯಿಂದ ಹಿಡಿದು ಸಾಬೂನಿನ ಜಾಹೀರಾತಿನವರೆಗೆ ಬಗೆಬಗೆಯ ಕಥೆಗಳಿವೆ.

ಹಾರನ್ ಕೇಳಿದ ಮೇಲೆ ಲಾರಿಯವನು ರಸ್ತೆ ನೋಡಿ, ಬಲಗೈ ಹೊರಗೆ ಚಾಚಿ, ಹಿಂದೆ ಮುಂದೆ ಬೀಸುತ್ತಿದ್ದ. ಬಾ, ಬಾ, ಖಾಲಿ ಇದೆ. ಇದು ಅವನ ಸ್ವಂತ ಆವಿಷ್ಕಾರ ಅಂದುಕೊಳ್ಳಬೇಡಿ. 1989ರ ರಸ್ತೆ ನಿಯಮಾವಳಿಯಲ್ಲಿ ಇದೂ ಒಂದು ಅಧಿಕೃತ ಕೈಸನ್ನೆ. ಹಿಂದಿನವನು ದಾಟಲಿ ಎಂದು ಬಯಸುವ ಚಾಲಕ ಬಲಗೈಯನ್ನು ಚಾಚಿ ಅರ್ಧವೃತ್ತಾಕಾರವಾಗಿ ಬೀಸಬೇಕು ಎಂದು ಅದರಲ್ಲಿ ಬರೆದಿತ್ತು. ಎಡಗಡೆ ನೋಡಿಕೊಳ್ಳಲು ಕ್ಲೀನರ್ ಇದ್ದ. ಬಾಗಿಲ ತಗಡಿನ ಮೇಲೆ ಎರಡು ಸಲ ಬಡಿದರೆ ಹೋಗಬಹುದು, ಒಂದು ಸಲ ಬಡಿದರೆ ನಿಲ್ಲಬೇಕು. ರಾತ್ರಿಯಾದರೆ ಕೈಯ ಬದಲು ಬಲಗಡೆಯ ಇಂಡಿಕೇಟರ್. ಹೊಸಬರಿಗೆ ಇದೇ ಅಪಾಯ. ಅದೇ ದೀಪಕ್ಕೆ "ದಾಟು" ಎಂದೂ ಅರ್ಥ, "ನಾನೇ ಬಲಕ್ಕೆ ತಿರುಗುತ್ತಿದ್ದೇನೆ" ಎಂದೂ ಅರ್ಥ! ಯಾವುದು ಯಾವಾಗ ಎಂದು ತಿಳಿಯಲು ವರ್ಷಗಟ್ಟಲೆ ಗಾಡಿ ಓಡಿಸಿರಬೇಕಿತ್ತು.

ಮೇ ರಜೆಯಲ್ಲಿ ಮುಂಬೈಯಿಂದ ಹುಬ್ಬಳ್ಳಿಗೋ ಮಂಗಳೂರಿಗೋ ರಾತ್ರಿ ಬಸ್ಸಿನಲ್ಲಿ ಹೊರಟು, ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಈ ಸಂಭಾಷಣೆ ನೆನಪಿರಬೇಕು. ನಮ್ಮ ಡ್ರೈವರು ಒಮ್ಮೆ ಲೈಟು ಡಿಪ್ ಮಾಡುತ್ತಾನೆ. ಮುಂದಿನ ಲಾರಿ ಇಂಡಿಕೇಟರ್ ಹಾಕುತ್ತದೆ. ಬಸ್ಸು ಹೊರಬರುತ್ತದೆ. ದೂರದಲ್ಲಿ ಎರಡು ಬೆಳಕು. ನಮ್ಮ ಎದೆ ಢವಢವ. ಬೆಳಕು ದೊಡ್ಡದಾಗುವಷ್ಟರಲ್ಲಿ ಲಾರಿಯವನು ತುಸು ವೇಗ ತಗ್ಗಿಸಿ ಜಾಗ ಕೊಡುತ್ತಾನೆ, ಬಸ್ಸು ಒಳಗೆ ಸರಿಯುತ್ತದೆ. ಹೋಗುವಾಗ ನಮ್ಮ ಡ್ರೈವರು ಒಂದು ಸಣ್ಣ ಹಾರನ್ ಹಾಕುತ್ತಾನೆ. ಧನ್ಯವಾದ ಎಂದರ್ಥ. ಇದನ್ನು ಅಶಿಸ್ತು ಎಂದು ನಾನು ಕರೆಯಲಾರೆ. ಮುಖ ನೋಡದ ಇಬ್ಬರು ಅಪರಿಚಿತರು ಒಬ್ಬರ ಜೀವವನ್ನು ಇನ್ನೊಬ್ಬರ ಕೈಗೆ ಕೊಟ್ಟು ನಡೆಸುತ್ತಿದ್ದ ವ್ಯವಹಾರ ಅದು.

ಆದರೆ ಒಬ್ಬನ ಲೆಕ್ಕ ತಪ್ಪಿದರೂ ಸಾಕಿತ್ತು. 1990ರ ಸೆಪ್ಟೆಂಬರ್ 30ರ ಬೆಳಿಗ್ಗೆ ರೇಡಿಯೋದ ಮುಂದೆ ಕುಳಿತಿದ್ದ ಕನ್ನಡಿಗರಿಗೆ ನಾನು ಹೇಳಬೇಕಾದ್ದಿಲ್ಲ. ಇದೇ ಹೆದ್ದಾರಿಯಲ್ಲಿ, ದಾವಣಗೆರೆ ಬಳಿಯ ಆನಗೋಡಿನಲ್ಲಿ, ಶಂಕರ್‌ನಾಗ್ ಅವರ ಕಾರಿಗೂ ಲಾರಿಗೂ ಅಪಘಾತವಾಯಿತು. ಅವರಿಗೆ ಆಗ 35 ವರ್ಷ. ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿ ಕನ್ನಡಕ್ಕೆ ಬಂದ ಹುಡುಗ. ಆ ದಿನ ಅಲ್ಲಿ ಡಿವೈಡರ್ ಇರಲಿಲ್ಲ. ಹೋಗುವವರಿಗೂ ಬರುವವರಿಗೂ ನಡುವೆ ಇದ್ದದ್ದು ಬರಿಯ ನಂಬಿಕೆ. ಈಗ ಆನಗೋಡಿನ ಮೇಲೆ ಹಾದುಹೋಗುವಾಗ ನಡುವೆ ಡಿವೈಡರ್ ಕಾಣುತ್ತದೆ.

ಬಿಳಿ ಗೆರೆಯ ಕಥೆ

ನಂಬಿಕೆಯ ಜಾಗದಲ್ಲಿ ಗೆರೆ ಎಳೆಯುವ ಯೋಚನೆ ಮೊದಲು ಯಾರಿಗೆ ಹೊಳೆಯಿತು? ಅಮೆರಿಕದ ಮಿಶಿಗನ್ ರಾಜ್ಯದ ವೇನ್ ಕೌಂಟಿಯಲ್ಲಿ ಎಡ್ವರ್ಡ್ ಹೈನ್ಸ್ ಎಂಬ ರಸ್ತೆ ಅಧಿಕಾರಿ ಇದ್ದರು. ಸೋರುತ್ತಿದ್ದ ಹಾಲಿನ ಗಾಡಿಯೊಂದು ರಸ್ತೆಯ ಮೇಲೆ ಬಿಳಿ ಗೆರೆ ಎಳೆದುಕೊಂಡು ಹೋದದ್ದನ್ನು ನೋಡಿ ಅವರಿಗೆ ಈ ಉಪಾಯ ಹೊಳೆಯಿತು ಎಂಬ ಕಥೆ ಪ್ರಸಿದ್ಧ. 1911ರಲ್ಲಿ ಅಲ್ಲಿನ ಟ್ರೆಂಟನ್ ಊರಿನ ರಿವರ್ ರೋಡಿನ ಮಧ್ಯೆ ಬಿಳಿ ಗೆರೆ ಬಂತು. ಸುಣ್ಣದಂಥ ಒಂದು ಗೆರೆ. ಹಾರಿ ಹೋಗಬೇಕೆಂದರೆ ಯಾರೂ ತಡೆಯುವಂತಿಲ್ಲ. ಆದರೂ ಜನ ಅದನ್ನು ಪಾಲಿಸಿದರು. ಅದು ನಮ್ಮ ಮನೆಯ ಮುಂದಿನ ರಂಗೋಲಿಯ ಹಾಗೆ. ತುಳಿದರೆ ಏನೂ ಆಗುವುದಿಲ್ಲ, ಆದರೂ ತುಳಿಯುವುದಿಲ್ಲ.

ಮುಂದಿನ ಹೆಜ್ಜೆ ಮೋಟಾರಿಗೆ ಮಾತ್ರ ಮೀಸಲಾದ ರಸ್ತೆ. 1924ರಲ್ಲಿ ಇಟಲಿಯ ಪಿಯೆರೊ ಪುರಿಚೆಲ್ಲಿ ಎಂಬ ಇಂಜಿನಿಯರು ಮಿಲಾನಿನಿಂದ ಸರೋವರಗಳ ಕಡೆಗೆ ಅಂಥ ರಸ್ತೆ ಕಟ್ಟಿದರು. 1932ರಲ್ಲಿ ಜರ್ಮನಿಯ ಕೊಲೋನ್ ಮತ್ತು ಬಾನ್ ನಗರಗಳ ನಡುವೆ ಒಂದು ತೆರೆಯಿತು. ಬ್ರಿಟನ್ನಿಗೆ ಮೊದಲ ಮೋಟಾರ್‌ವೇ ಬಂದದ್ದು 1958ರ ಡಿಸೆಂಬರ್‌ನಲ್ಲಿ, ಪ್ರೆಸ್ಟನ್ ಊರಿನ ಹೊರಗೆ. ಸುಮಾರು 13 ಕಿಲೋಮೀಟರ್ ಉದ್ದ. ಮರುವರ್ಷ ನವೆಂಬರ್‌ನಲ್ಲಿ ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಎಂ-1ರ ಮೊದಲ ಭಾಗ ತೆರೆಯಿತು.

ಈ ಎಂ-1ರ ಕಥೆ ನಮಗೆ ಪಾಠ. ಒಂದು ದಿಕ್ಕಿಗೆ ಮೂರು ಲೇನು. ವೇಗದ ಮಿತಿ ಇಲ್ಲ. ನಡುವೆ ಕಬ್ಬಿಣದ ತಡೆಯೂ ಇಲ್ಲ. ಉದ್ಘಾಟಿಸಿದ ಸಾರಿಗೆ ಮಂತ್ರಿ ಅರ್ನೆಸ್ಟ್ ಮಾರ್ಪಲ್ಸ್ ಅವರೇ ಮೊದಲ ಕಾರುಗಳ ವೇಗ ಕಂಡು ದಿಗಿಲುಬಿದ್ದರು. ಹಳ್ಳಿ ರಸ್ತೆಯಲ್ಲಿ ಓಡಿಸಿ ಅಭ್ಯಾಸವಾಗಿದ್ದ ಜನಕ್ಕೆ ಯಾವ ಲೇನಿನಲ್ಲಿ ಹೋಗಬೇಕು, ಯಾವಾಗ ಬದಲಿಸಬೇಕು ಎಂಬುದೆಲ್ಲ ಹೊಸದು. 1965ರ ಕೊನೆಗೆ ಗಂಟೆಗೆ 70 ಮೈಲಿಯ ಮಿತಿ ಪ್ರಯೋಗಕ್ಕೆ ಬಂತು, 1967ರಲ್ಲಿ ಖಾಯಂ ಆಯಿತು. ಎಡ ಲೇನು ಖಾಲಿ ಇದ್ದರೂ ಮಧ್ಯದ ಲೇನಿನಲ್ಲೇ ಕೂತುಕೊಳ್ಳುವ ಚಾಳಿ ಮಾತ್ರ ಹೋಗಲೇ ಇಲ್ಲ. ಕೊನೆಗೆ 2013ರಲ್ಲಿ, ಅಂದರೆ ಎಂ-1 ತೆರೆದ 54 ವರ್ಷಗಳ ನಂತರ, ಅಂಥವರಿಗೆ ಸ್ಥಳದಲ್ಲೇ 100 ಪೌಂಡ್ ದಂಡ ಹಾಕುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟರು. ಶಿಸ್ತಿಗೆ ಹೆಸರಾದ ನಾಡಿನಲ್ಲೇ ಈ ಪಾಡು!

ಜರ್ಮನಿಯಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಆದ್ದರಿಂದ ದಾಟುವುದು ಎಡದಿಂದ. ಅಲ್ಲಿನ ಆಟೋಬಾನಿನಲ್ಲಿ ಎಷ್ಟೋ ಕಡೆ ವೇಗದ ಮಿತಿಯೇ ಇಲ್ಲ. ಅದು ನಡೆಯುವುದು ಒಂದೇ ಒಂದು ಕಟ್ಟುನಿಟ್ಟಿನಿಂದ: ದಾಟಿದ ಮೇಲೆ ನಿಮ್ಮ ಲೇನಿಗೆ ವಾಪಸ್ ಬನ್ನಿ, ತಪ್ಪು ಪಕ್ಕದಿಂದ ಯಾರನ್ನೂ ದಾಟಬೇಡಿ. ವೇಗದ ಸ್ವಾತಂತ್ರ್ಯ ಅಷ್ಟಾದರೂ ಇರುವುದು ಲೇನಿನ ಶಿಸ್ತು ಅಷ್ಟಿರುವುದರಿಂದ.

ಹೊಸ ರಸ್ತೆ, ಹಳೆಯ ಕೈ

ಇನ್ನು ನಮ್ಮ ಮನೆಬಾಗಿಲಿಗೆ ಬರೋಣ. ಮಹಾರಾಷ್ಟ್ರ ಸರ್ಕಾರ 1996ರಲ್ಲಿ ರಾಜ್ಯ ರಸ್ತೆ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಅದು ಕಟ್ಟಿದ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ಮೊದಲ ಭಾಗ 2000ದಲ್ಲಿ ತೆರೆಯಿತು, 2002ರಲ್ಲಿ ಪೂರ್ತಿಯಾಯಿತು. ಉದ್ದ 94.5 ಕಿಲೋಮೀಟರ್. ಆರು ಲೇನಿನ ಕಾಂಕ್ರೀಟು. ಈ ಮಾದರಿಯ ರಸ್ತೆ ದೇಶಕ್ಕೇ ಮೊದಲನೆಯದು. ದ್ವಿಚಕ್ರ ಇಲ್ಲ, ಆಟೋ ಇಲ್ಲ, ಟ್ರ್ಯಾಕ್ಟರ್ ಇಲ್ಲ, ಎದುರಿನಿಂದ ಬರುವವರಿಲ್ಲ. ಹಳೆಯ ಘಾಟಿಯಲ್ಲಿ ಅರ್ಧ ದಿನ ಕಳೆದು ಬೇಸತ್ತವರಿಗೆ ಪುಣೆ ಎರಡು ಗಂಟೆಯ ದಾರಿಯಾದದ್ದು ಪವಾಡವೇ ಸರಿ. ಆ ಹೊಸದರಲ್ಲಿ ಕೆಲಸವಿಲ್ಲದಿದ್ದರೂ ಸುಮ್ಮನೆ ಒಂದು ರೌಂಡು ಹೋಗಿಬಂದವರು ನಮ್ಮಲ್ಲೂ ಇದ್ದಾರೆ!

ಟೋಲು ನಾಕೆ ಇತ್ತು, ಫಲಕಗಳಿದ್ದವು, ಗೆರೆಗಳಿದ್ದವು. ಭಾರಿ ವಾಹನ ಎಡಕ್ಕೆ, ಬಲಗಡೆಯ ಲೇನು ದಾಟುವವರಿಗೆ ಮಾತ್ರ. ಇಲ್ಲದ್ದು ಒಂದೇ: ಈ ಗೆರೆ ಯಾಕೆ ಎಂದು ಕಲಿಸುವವರು. ಹಳೆಯ ರಸ್ತೆಯಲ್ಲಿ 20 ವರ್ಷ ಲಾರಿ ಓಡಿಸಿದವನು ಕಳಂಬೋಲಿಯಲ್ಲಿ ಹೊಸ ರಸ್ತೆಗೆ ಬಂದ. ರಸ್ತೆ ಬದಲಾಗಿತ್ತು, ಕೈ ಹಳೆಯದೇ.

ಅವನು ಬಲಗಡೆಗೆ ಯಾಕೆ ಹೋಗುತ್ತಾನೆ ಎಂಬುದನ್ನು ಅವನ ಸೀಟಿನಿಂದ ನೋಡಿ. ಹಳೆಯ ರಸ್ತೆಯ ಎಡ ಅಂಚು ಎಂದರೆ ತಾರು ಕಿತ್ತ ಅಂಚು, ಸೈಕಲ್ಲು, ಎಮ್ಮೆ, ಪಂಕ್ಚರ್ ಆಗಿ ನಿಂತ ಇನ್ನೊಂದು ಲಾರಿ, ಕೈ ತೋರಿಸಿದಲ್ಲಿ ನಿಲ್ಲುವ ಬಸ್ಸು. ಅಲ್ಲಿ ಹೋದವನು ಬದುಕುವುದಿಲ್ಲ ಎಂಬುದು ಅವನು ಕಲಿತ ಪಾಠ. ನಾಲ್ಕು ಲೇನಿನ ಹೆದ್ದಾರಿಗಳು ಬಂದಮೇಲೂ ಊರುಗಳ ಬಳಿ ಎಡಗಡೆಯ ಸ್ಥಿತಿ ಅದೇ ಇತ್ತು. ಡಿವೈಡರಿನ ಪಕ್ಕ ಯಾರೂ ಅಡ್ಡ ನಿಲ್ಲುವುದಿಲ್ಲ, ಬ್ರೇಕು ಕಡಿಮೆ, ಡೀಸೆಲು ಉಳಿಯುತ್ತದೆ. ಜೊತೆಗೆ ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿದೆ. ಡಿವೈಡರು ಅವನ ಕಣ್ಣಿಗೆ ಹತ್ತಿರ, ಅಂದಾಜು ಸುಲಭ. ಎಡಗಡೆ ನೋಡಿ ಹೇಳಲು ಮೊದಲು ಕ್ಲೀನರ್ ಇದ್ದ. ಈಗ ಎಷ್ಟೋ ಲಾರಿಗಳಲ್ಲಿ ಅವನೂ ಇಲ್ಲ. ಹೀಗಾಗಿ ಬಲಗಡೆಯ ಲೇನು ಅವನಿಗೆ ಅಹಂಕಾರದ ಜಾಗವಲ್ಲ, ಆಶ್ರಯದ ಜಾಗ.

ಕಾರಿನವರ ಕಥೆಯೂ ಹೀಗೇ. ಮುಂದಿನವನು ಹಾರನ್ನಿಗೆ ದಾರಿ ಬಿಡಬೇಕು ಎಂಬುದು ಹಳೆಯ ಒಪ್ಪಂದ. ಬಿಡದಿದ್ದಾಗ ನಮಗೆ ಅವಮಾನವಾದಂತೆ ಅನ್ನಿಸುತ್ತದೆ. ಎಡ ಖಾಲಿ ಕಾಣುತ್ತದೆ, ನುಗ್ಗುತ್ತೇವೆ. ಹಳೆಯ ರಸ್ತೆಯಲ್ಲಿ ಎಡದಿಂದ ದಾಟಲು ಜಾಗವೇ ಇರಲಿಲ್ಲ. ಹೊಸ ರಸ್ತೆ ಆ ಜಾಗ ಕೊಟ್ಟಿತು, ಆದರೆ ಲಾರಿಯ ಎಡಗಡೆ ಡ್ರೈವರಿಗೆ ಕಾಣದ ಕುರುಡು ಮೂಲೆ ಇದೆ ಎಂದು ನಮಗೆ ಹೇಳಲಿಲ್ಲ. ಹಾರನ್ನಿಗೆ ಓಗೊಟ್ಟು ಆತ ಎಡಕ್ಕೆ ಸರಿಯುವ ಕ್ಷಣ, ನಾವು ಅದೇ ಎಡದಿಂದ ನುಗ್ಗುವ ಕ್ಷಣ, ಎರಡೂ ಒಂದೇ ಆಗಿಬಿಟ್ಟರೆ? ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ ಮಾಡಿದವರೇ!

ಇನ್ನು ಘಾಟಿಯಲ್ಲಿ ಲಾರಿಯನ್ನು ಲಾರಿ ದಾಟುವ ಪರಿ. ಒಂದು 35ರಲ್ಲಿದೆ, ಇನ್ನೊಂದು 40ರಲ್ಲಿ ದಾಟಲು ಹೊರಡುತ್ತದೆ. ಎರಡು ಲಾರಿಗಳ ಉದ್ದ, ನಡುವಿನ ಅಂತರ ಸೇರಿ 40 ಮೀಟರ್ ಗಳಿಸಬೇಕು. ಗಂಟೆಗೆ 5 ಕಿಲೋಮೀಟರ್ ವ್ಯತ್ಯಾಸದಲ್ಲಿ ಅದಕ್ಕೆ ಹೆಚ್ಚುಕಡಿಮೆ ಅರ್ಧ ನಿಮಿಷ ಬೇಕು. ಸಪಾಟು ರಸ್ತೆಯಲ್ಲಿ ಇದೇ ಆದರೆ, ಹಿಂದಿನಿಂದ 100ರಲ್ಲಿ ಬರುವ ಕಾರು ಆ ಹೊತ್ತಿನಲ್ಲಿ 800 ಮೀಟರ್ ಓಡಿರುತ್ತದೆ. ಅಂದರೆ ಲಾರಿ ಹೊರಬಂದಾಗ ಕಣ್ಣಿಗೂ ಕಾಣದಷ್ಟು ದೂರವಿದ್ದ ಕಾರು, ದಾಟಿ ಮುಗಿಯುವುದರೊಳಗೆ ಅದರ ಬಾಲಕ್ಕೆ ಬಂದಿರುತ್ತದೆ. ಹಳೆಯ ರಸ್ತೆಯಲ್ಲಿ ಎಲ್ಲರೂ 50-60ರಲ್ಲಿದ್ದರು, ಆದ್ದರಿಂದ ಎದುರು ನೋಡಿದರೆ ಸಾಕಿತ್ತು. ಹೊಸ ರಸ್ತೆಯಲ್ಲಿ ಅಪಾಯ ಬೆನ್ನ ಹಿಂದಿನಿಂದಲೂ ಬರುತ್ತದೆ. ಕಣ್ಣು ಎದುರಿಗಿರುವುದರ ಜೊತೆಗೆ ಆಗಾಗ ಕನ್ನಡಿಯ ಮೇಲೂ ಹೋಗಬೇಕಾದ ರಸ್ತೆ ಇದು. ನಾವೋ, ಕನ್ನಡಿ ಇರುವುದು ತಲೆ ಬಾಚಿಕೊಳ್ಳಲು ಅಂದುಕೊಂಡವರು.

ಬೆಲೆ ತೆರಬೇಕಾಯಿತು. 2001ರ ಫೆಬ್ರುವರಿ 12ರಂದು ಈ ರಸ್ತೆಯ ಭಾತಾಣ ಸುರಂಗದ ಬಳಿ ನಡೆದ ಅಪಘಾತದಲ್ಲಿ ಮರಾಠಿ ರಂಗಭೂಮಿಯ ಭಕ್ತಿ ಬರ್ವೆ ತೀರಿಕೊಂಡರು. 'ತೀ ಫುಲರಾಣಿ' ನಾಟಕ ನೋಡಿದ ಮುಂಬೈ ಕನ್ನಡಿಗರು ಆಕೆಯ ಧ್ವನಿಯನ್ನು ಮರೆತಿರಲಾರರು. ಹಳೆಯ ರಸ್ತೆ ನಮ್ಮ ಒಬ್ಬ ರಂಗನಟನನ್ನು ಕಸಿದುಕೊಂಡಿತ್ತು, ಹೊಸ ರಸ್ತೆ ಅವರ ಒಬ್ಬ ರಂಗನಟಿಯನ್ನು. ಹೆಸರಿದ್ದವರು ಪತ್ರಿಕೆಯ ಮುಖಪುಟಕ್ಕೆ ಬಂದರು. 2016ರ ಒಂದೇ ವರ್ಷದಲ್ಲಿ ಈ 94.5 ಕಿಲೋಮೀಟರಿನಲ್ಲಿ ಸತ್ತವರು 151 ಮಂದಿ.

ಊರಿನ ದಾರಿಯಲ್ಲಿ

ಪುಣೆಯಿಂದಾಚೆಗೆ ನಮ್ಮ ಹೆದ್ದಾರಿಯೂ ಬದಲಾಯಿತು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ 5,846 ಕಿಲೋಮೀಟರಿನ ಸುವರ್ಣ ಚತುಷ್ಪಥ ಯೋಜನೆ ವಾಜಪೇಯಿಯವರ ಕಾಲದಲ್ಲಿ ಶುರುವಾಯಿತು. ಮುಂಬೈ-ಚೆನ್ನೈ ತೋಳು ನಮ್ಮ ಬೆಳಗಾವಿ, ದಾವಣಗೆರೆ, ಬೆಂಗಳೂರಿನ ಮೇಲೇ ಹಾದು ಹೋಯಿತು. ಆದರೆ ಹುಬ್ಬಳ್ಳಿ-ಧಾರವಾಡದ ಬೈಪಾಸ್ ಮಾತ್ರ ಬೇರೆ ಒಪ್ಪಂದದಡಿ ಇದ್ದು, ವರ್ಷಾನುಗಟ್ಟಲೆ ಎರಡೇ ಲೇನಿನಲ್ಲಿ ಉಳಿಯಿತು. ಎರಡೂ ಕಡೆ ಅಗಲವಾದ ಹೆದ್ದಾರಿ, ನಡುವೆ ಸುಮಾರು 30 ಕಿಲೋಮೀಟರ್ ಹಳೆಯ ಕಾಲ. ನಾಲ್ಕು ಲೇನಿನ ವೇಗ ಮೈಗೆ ಹತ್ತಿದ್ದ ಗಾಡಿಗಳು ಥಟ್ಟನೆ ಎದುರುಬದುರಾಗುತ್ತಿದ್ದವು.

2021ರ ಜನವರಿ 15, ಸಂಕ್ರಾಂತಿಯ ಮರುದಿನ. ದಾವಣಗೆರೆಯ ಗೆಳತಿಯರ ಗುಂಪೊಂದು, ಶಾಲೆಯಲ್ಲಿ ಒಟ್ಟಿಗೆ ಓದಿದವರು, ಗೋವಾಕ್ಕೆಂದು ಟೆಂಪೋ ಟ್ರಾವೆಲರಿನಲ್ಲಿ ಹೊರಟಿತ್ತು. ಧಾರವಾಡದ ಇಟಿಗಟ್ಟಿ ಬಳಿ ಬೈಪಾಸಿನಲ್ಲಿ ಟಿಪ್ಪರಿಗೆ ಮುಖಾಮುಖಿ ಡಿಕ್ಕಿ. ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅದಕ್ಕೂ ಮೊದಲೇ ಎಷ್ಟೋ ಮಂದಿ ಆ ರಸ್ತೆಯಲ್ಲಿ ಸತ್ತಿದ್ದರು. ಇದಾದ ಮೇಲೆ ತೀರಿಕೊಂಡವರ ಮನೆಯವರೇ ಬೀದಿಗಿಳಿದು ಕೇಳಿದರು. ಬೈಪಾಸನ್ನು ಅಗಲಗೊಳಿಸುವ ಕೆಲಸ ಆಮೇಲೆ ಶುರುವಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಎಲ್ಲ ತಪ್ಪನ್ನೂ ಡ್ರೈವರಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ರಸ್ತೆ ಕಟ್ಟುವವರೂ ಅದಕ್ಕೆ ಉತ್ತರ ಹೇಳಬೇಕು.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲೂ ಇದೇ ಕಥೆ ಮರುಕಳಿಸಿತು. ಹೊಸ ರಸ್ತೆ, ಹಳೆಯ ಕೈ, ಸಾಲು ಸಾಲು ಸಾವು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಲೇನುಗಳಲ್ಲಿ ದ್ವಿಚಕ್ರ, ಆಟೋ, ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಿದರು. ವೇಗಕ್ಕೆ ಕ್ಯಾಮೆರಾ ಬಂತು.

ಕಲಿಯಲು ಎಷ್ಟು ದಿನ?

ಎಕ್ಸ್‌ಪ್ರೆಸ್‌ವೇಯಲ್ಲಿ 2016ರಿಂದ ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ ನಿಗಮದ ಹಾಗೂ ಹೆದ್ದಾರಿ ಪೊಲೀಸರ ಜೊತೆ ಸೇರಿ, ಸಾವೇ ಇಲ್ಲದ ರಸ್ತೆಯ ಗುರಿಯಿಟ್ಟು ಕೆಲಸ ಮಾಡಿತು. ಎಲ್ಲಿ, ಯಾಕೆ ಅಪಘಾತವಾಗುತ್ತದೆ ಎಂದು ಒಂದೊಂದನ್ನೂ ನೋಡಿ ತಡೆಗೋಡೆ, ಫಲಕ, ಆಂಬುಲೆನ್ಸು ಎಲ್ಲವನ್ನೂ ಸರಿಪಡಿಸುತ್ತಾ ಬಂದರು. ಮುಂದಿನ ವರ್ಷಗಳಲ್ಲಿ ಸಾವು ಇಳಿಯಿತು. 2024ರಲ್ಲಿ ಕ್ಯಾಮೆರಾಗಳ ಜಾಲ ಬಂತು. ವೇಗ ಮಾತ್ರವಲ್ಲ, ಲೇನು ಮುರಿದರೂ ಚಲನ್ ಮನೆಗೆ ಬರುತ್ತದೆ. ಕಾನೂನೂ ಬಿಗಿಯಾಗಿದೆ. 2019ರ ತಿದ್ದುಪಡಿಯ ನಂತರ, ನಿಯಮಕ್ಕೆ ವಿರುದ್ಧವಾಗಿ ಓವರ್‌ಟೇಕ್ ಮಾಡುವುದನ್ನೂ ವಾಹನಗಳ ದಿಕ್ಕಿಗೆ ಎದುರಾಗಿ ಓಡಿಸುವುದನ್ನೂ ಅಪಾಯಕಾರಿ ಚಾಲನೆ ಎಂದೇ ಪರಿಗಣಿಸುತ್ತಾರೆ. ಮೊದಲ ಸಲವೇ ಜೈಲು ಆಗಬಹುದು. ಮಹಾರಾಷ್ಟ್ರ 2015ರಲ್ಲಿ 'ಹಾರನ್ ಓಕೆ ಪ್ಲೀಸ್' ಬರೆಯುವುದನ್ನೇ ನಿಷೇಧಿಸಿತು. ಲಾರಿಯ ಬೆನ್ನಿನಿಂದ ಅಳಿಸಿದರು ಸರಿ, ನಮ್ಮ ಹೆಬ್ಬೆರಳಿನಿಂದ ಅಳಿಸುವವರು ಯಾರು?

ದಂಡಕ್ಕೆ ಹೆದರಿ ಕಲಿಯುವುದು ಒಂದು ಬಗೆ. ಯಾಕೆ ಎಂದು ತಿಳಿದು ಕಲಿಯುವುದು ಇನ್ನೊಂದು. ಹಳೆಯ ರಸ್ತೆಯ ಡ್ರೈವರುಗಳು ಯಾರ ದಂಡಕ್ಕೂ ಹೆದರದೆ ಒಂದು ಭಾಷೆಯನ್ನೇ ಕಟ್ಟಿಕೊಂಡಿದ್ದರು, ಯಾಕೆಂದರೆ ಅದಿಲ್ಲದೆ ಬದುಕಲಾಗುತ್ತಿರಲಿಲ್ಲ. ಹೊಸ ರಸ್ತೆಯ ಭಾಷೆ ಅದಕ್ಕಿಂತ ಸರಳ. ದಾಟುವಾಗ ಮಾತ್ರ ಬಲ, ದಾಟಿದ ಮೇಲೆ ಎಡ. ಹೊರಡುವ ಮೊದಲು ಕನ್ನಡಿ, ಆಮೇಲೆ ಇಂಡಿಕೇಟರ್, ಆಮೇಲೆ ಸ್ಟಿಯರಿಂಗ್. ಮುಂದಿನವನಿಂದ ಎರಡು ಸೆಕೆಂಡಿನ ಅಂತರ, ಅಂದರೆ 100ರ ವೇಗದಲ್ಲಿ ಸುಮಾರು 56 ಮೀಟರ್. ಹಿಂದಿನವನು ಅವಸರದಲ್ಲಿದ್ದರೆ ನಾವು ಎಡಕ್ಕೆ ಸರಿದು ಬಿಡುವುದು. ಅವನು ತಪ್ಪು ಮಾಡುತ್ತಿರಬಹುದು, ಅವನಿಗೆ ಪಾಠ ಕಲಿಸುವ ಕೆಲಸ ನಮ್ಮದಲ್ಲ. ಬಲಗಡೆಯ ಲೇನಿನಲ್ಲಿ ಸರಿಯಾಗಿ 80ರಲ್ಲಿ ಕೂತು, "ನಾನು ಕಾನೂನಿನ ಪ್ರಕಾರವೇ ಇದ್ದೇನೆ" ಎನ್ನುವ ನಮ್ಮ ಸಜ್ಜನ ಕಾರುಗಳೂ ಆ ಲಾರಿಯಷ್ಟೇ ದಾರಿಗೆ ಅಡ್ಡ. ಆ ಲೇನು ಲಾರಿಯದೂ ಅಲ್ಲ, ಎಸ್‌ಯುವಿಯದೂ ಅಲ್ಲ, ನಮ್ಮದೂ ಅಲ್ಲ. ಬಳಸಿ ವಾಪಸ್ ಕೊಡಬೇಕಾದ ಜಾಗ.

ಇಷ್ಟೆಲ್ಲ ಅವಸರದಿಂದ ಉಳಿಯುವುದೆಷ್ಟು ಎಂದು ಒಮ್ಮೆ ಲೆಕ್ಕ ಹಾಕಿದೆ. 94.5 ಕಿಲೋಮೀಟರನ್ನು ಎಲ್ಲೂ ನಿಲ್ಲದೆ 100ರಲ್ಲಿ ಓಡಿಸಿದರೆ ಸುಮಾರು 57 ನಿಮಿಷ. ನಿಯಮ ಮುರಿದು 120ರಲ್ಲಿ ಓಡಿಸಿದರೆ 47. ಹತ್ತು ನಿಮಿಷ. ಫುಡ್ ಮಾಲಿನಲ್ಲಿ ವಡಾಪಾವಿನ ಕ್ಯೂಗೇ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತೇವೆ.

ಮುಂದಿನ ಸಲ ಆ ಕಬ್ಬಿಣದ ಲಾರಿ ಬಲಗಡೆ ಸಿಕ್ಕಾಗ ಒಂದು ನಿಮಿಷ ತಾಳಿ. ಒಮ್ಮೆ ಲೈಟು ಮಿನುಗಿಸಿ ಕಾಯಿರಿ, ಅವನು ಕನ್ನಡಿ ನೋಡಲಿ. ಸರಿದರೆ ಹಳೆಯ ಕಾಲದ ಬಸ್ ಡ್ರೈವರಿನಂತೆ ಒಂದು ಕೈ ಎತ್ತಿ ಹೋಗಿ. ಸರಿಯದಿದ್ದರೂ ಮನೆ ಹತ್ತಿರವೇ ಇದೆ.

ಹಳೆಯ ಎನ್.ಎಚ್. ಫೋರಿನ ರಾತ್ರಿ ಬಸ್ಸುಗಳ ನೆನಪು ನಿಮ್ಮಲ್ಲೂ ಇರಬೇಕು. ಬರೆದು ಕಳಿಸಿ, ನಮ್ಮ ಕಾರ್ಯಕ್ರಮದಲ್ಲಿ ಓದೋಣ. ಗಾಡಿ ಓಡಿಸುತ್ತಾ ಕಾರ್ಯಕ್ರಮ ಕೇಳುವವರು ದಯವಿಟ್ಟು ಕಿವಿ ನಮಗೆ ಕೊಡಿ, ಕಣ್ಣು ರಸ್ತೆಗೇ ಇರಲಿ.